ಹಿಂದಿನ ಎರಡು ಬೆಂಚು

ಬೆಳಿಗ್ಗೆ ಹತ್ತು ಗಂಟೆ ನಲವತ್ತು ನಿಮಿಷ. ಇಷ್ಟರ ಬಗ್ಗೆ ನನಗೆ ಅನುಮಾನವಿಲ್ಲ. ಹನ್ನೊಂದರೊಳಗೆ ಬಸ್ಸು ಹಿಡಿಯದಿದ್ದರೆ ಕೆಲಸಕ್ಕೆ ತಡವಾಗುತ್ತದೆ ಎಂದು ಆಗಷ್ಟೇ ಫೋನಿನಲ್ಲಿ ಹೊತ್ತು ನೋಡಿದ್ದೆ. ಮಿಕ್ಕ ಎಲ್ಲದರಲ್ಲೂ ಅನುಮಾನವಿದೆ.

ನಾನು ನಿಂತಿದ್ದದ್ದು ಒಂದು ಸರ್ಕಾರಿ ಪ್ರೌಢಶಾಲೆಯ ಜಗಲಿಯಲ್ಲಿ, ಎಂಟನೇ ತರಗತಿಯ ಕಿಟಕಿಯ ಹೊರಗೆ. ಶಾಲೆ ಯಾವುದೆಂದು ಬರೆಯುವುದಿಲ್ಲ. ಹಳೇ ಮದ್ರಾಸು ರಸ್ತೆಯಿಂದ ಒಳಗೆ ಹೋಗುವ ಒಂದು ಬೀದಿಯಲ್ಲಿದೆ ಎಂದರೆ ಸಾಕು. ಅಕ್ಕನ ಮಗಳು ಅಲ್ಲಿ ಸೇರಿ ಮೂರು ವಾರವಾಗಿತ್ತು. ಅವಳ ಕಡತಕ್ಕೆ ಎರಡು ಫೋಟೊ ಬೇಕೆಂದು ಹೇಳಿಕಳಿಸಿದ್ದರು, ಅದನ್ನು ಕೊಡಲು ಹೋಗಿದ್ದೆ. ಹಾಲಿನ ಗಂಟೆ ಹೊಡೆದಿತ್ತು. ಮಕ್ಕಳು ಲೋಟ ಹಿಡಿದು ಅಂಗಳದ ಕೊನೆಯ ಅಡುಗೆ ಕೋಣೆಯ ಮುಂದೆ ಸಾಲು ನಿಂತಿದ್ದರು. ನಮ್ಮ ಹುಡುಗಿಗೆ ಹಾಲಿನ ಕೆನೆ ಕಂಡರೆ ಆಗದು; ಅವಳು ಎದ್ದಿರಲೇ ಇಲ್ಲ. ಕೊನೆಯ ಬೆಂಚಿನಲ್ಲಿ ಅವಳ ಪಕ್ಕ ನಮ್ಮ ವಠಾರದ ಇನ್ನೊಬ್ಬ ಹುಡುಗಿ ಕೂತಿದ್ದಳು. ಅವಳು ಎಲ್ಲರಿಗಿಂತ ಮೊದಲೇ ಗಟಗಟ ಕುಡಿದು ಬಂದು, ಬಾಯಿ ಕೂಡ ಒರೆಸಿಕೊಳ್ಳದೆ, ನಮ್ಮವಳ ಗಣಿತದ ಪುಸ್ತಕ ನೋಡಿಕೊಂಡು ಲೆಕ್ಕ ಬರೆದುಕೊಳ್ಳುತ್ತಿದ್ದಳು.

ನಾನು ಫೋಟೊದ ಕವರು ತೋರಿಸಿ ಕರೆದೆ.

"ಅಲ್ಲಿಂದ್ಲೇ ಎಸಿ ಚಿಗವ್ವ, ಹಿಡ್ಕೋತೀನಿ," ಅಂದಳು.

"ಎಸೆಯೋಕೆ ಅದೇನು ಕಡ್ಲೆಕಾಯಾ? ಎದ್ದು ಬಾ."

ಮುಖ ಊದಿಸಿಕೊಂಡು ಎದ್ದಳು. ಬೆಂಚುಗಳ ನಡುವೆ ಸೊಂಟ ತಿರುಗಿಸಿಕೊಂಡು ಬಂದು, ಬಾಗಿಲು ದಾಟಿ, ಕೈ ಚಾಚಿದಳು. ಆಗ ಒಳಗೆ ಯಾರೋ ಒಂದು ಚೀಲ ಜಲ್ಲಿಯನ್ನು ಮೇಲಿನಿಂದ ಸುರಿದಂತೆ ಶಬ್ದವಾಯಿತು. ಕಿಟಕಿಯಿಂದ ಬಿಳಿ ಧೂಳು ಹೊರಗೆ ಬಂತು. ಅಂಗಳದಲ್ಲಿ ಸ್ಟೀಲ್ ಲೋಟವೊಂದು ಕೆಳಗೆ ಬಿದ್ದು ಉರುಳುತ್ತಾ ಹೋದದ್ದು ನನಗೆ ಈಗಲೂ ಕೇಳುತ್ತದೆ. ಅಷ್ಟು ನಿಶ್ಶಬ್ದವಿತ್ತು.

ಧೂಳು ಇಳಿದ ಮೇಲೆ ಕಂಡಿತು: ಚಾವಣಿಯ ಒಂದು ಭಾಗ, ಬಾಗಿಲಿನಷ್ಟು ಅಗಲದ್ದು, ಹಿಂದಿನ ಎರಡು ಬೆಂಚುಗಳ ಮೇಲೆ ಬಿದ್ದಿತ್ತು. ವಠಾರದ ಹುಡುಗಿ ಬೆಂಚಿನ ಕೆಳಗೆ ಕುಸಿದಿದ್ದಳು. ಹಣೆಯಲ್ಲಿ ರಕ್ತ. ಎಡಗೈ ಇರಬಾರದ ಕಡೆಗೆ ತಿರುಗಿತ್ತು. ಅವಳು ಅಳುತ್ತಿರಲಿಲ್ಲ. "ನನ್ನ ನೋಟ್ಸು, ನನ್ನ ನೋಟ್ಸು," ಎನ್ನುತ್ತಿದ್ದಳು.

ಎಸೆದಿದ್ದರೆ? ಕಡ್ಲೆಕಾಯಿಯ ಮಾತು ನನ್ನ ಬಾಯಿಗೆ ಬಾರದೆ, "ಹಿಡ್ಕೋ" ಎಂದು ಕವರನ್ನು ಕಿಟಕಿಯ ಕಂಬಿಯೊಳಗೆ ತೂರಿ ಎಸೆದಿದ್ದರೆ? ಆ ಹತ್ತು ಹೆಜ್ಜೆಗಳನ್ನು ಅವಳು ನಡೆದು ಬಂದದ್ದನ್ನು ನಾನು ಎಷ್ಟು ಸಲ ನೋಡಿದ್ದೇನೋ ಲೆಕ್ಕವಿಲ್ಲ. ಪ್ರತಿ ಸಲವೂ ಅವಳು ಸ್ವಲ್ಪ ನಿಧಾನವಾಗಿ ನಡೆಯುತ್ತಾಳೆ.

ಆ ಶಾಲೆಯನ್ನು ಆರಿಸಿದವಳು ನಾನೇ.

ನಾವು ಯಾದಗಿರಿ ಕಡೆಯವರು. ಕಗ್ಗದಾಸಪುರದಲ್ಲಿ ರೈಲ್ವೆ ಗೇಟಿನ ಹಿಂದಿನ ವಠಾರದಲ್ಲಿ ಎರಡು ಕೋಣೆ ಬಾಡಿಗೆಗೆ ಹಿಡಿದಿದ್ದೇವೆ. ಒಂದರಲ್ಲಿ ಅಕ್ಕ, ಭಾವ. ಇನ್ನೊಂದರಲ್ಲಿ ನಾನು, ಹುಡುಗಿ. ಅಕ್ಕ ಹೆಣ್ಣುಮಕ್ಕಳ ಪೀಜಿಯೊಂದರಲ್ಲಿ ಅಡುಗೆ ಮಾಡುತ್ತಾಳೆ. ನಾನು ಬಿ.ಕಾಂ. ಮುಗಿಸಿ ರಿಚರ್ಡ್ಸ್ ಟೌನಿನ ದಂತವೈದ್ಯರೊಬ್ಬರ ಬಳಿ ಮುಂದಿನ ಮೇಜಿನ ಕೆಲಸ ಮಾಡುತ್ತೇನೆ, ಮಧ್ಯಾಹ್ನ ಹನ್ನೆರಡರಿಂದ. ಹುಡುಗಿ ಓದುತ್ತಿದ್ದ ಶಾಲೆ ಏಳನೆಯ ತರಗತಿಗೇ ಮುಗಿಯುತ್ತದೆ. ಎಂಟಕ್ಕೆ ಎಲ್ಲಿಗೆ ಎಂಬ ಪ್ರಶ್ನೆ ಬಂದಾಗ ಅಕ್ಕ, "ನೀ ಓದಾಕಿ, ನೀನಾ ನೋಡು. ನಂಗೇನ್ ತಿಳೀತದ?" ಅಂದು ಒಲೆ ಕಡೆ ತಿರುಗಿದಳು.

ನನಗೆ ತಿಳಿಯುತ್ತದೆ ಎಂದು ನಾನೂ ನಂಬಿದೆ. ಇನ್ನೂರು ಪುಟದ ನೋಟ್‌ಬುಕ್ಕು ತಂದು, ಒಂದೊಂದು ಶಾಲೆಗೆ ಒಂದೊಂದು ಹಾಳೆ ಬಿಟ್ಟೆ. ಮೇ ತಿಂಗಳ ಬೆಳಗುಗಳನ್ನೆಲ್ಲ ಬಸ್ಸಿನಲ್ಲಿ ಕಳೆದೆ. ಹತ್ತನೇ ತರಗತಿಯಲ್ಲಿ ಎಷ್ಟು ಮಂದಿ ಪಾಸು, ಹೆಣ್ಣುಮಕ್ಕಳ ಶೌಚಾಲಯಕ್ಕೆ ಒಳಗಿನಿಂದ ಚಿಲಕವಿದೆಯೇ, ಗಣಿತಕ್ಕೆ ಮೇಷ್ಟರಿದ್ದಾರೆಯೇ ಅಥವಾ ದೈಹಿಕ ಶಿಕ್ಷಣದವರೇ ಅದನ್ನೂ ಮಾಡುತ್ತಾರೆಯೇ, ಬಸ್ ಸ್ಟಾಪಿನಿಂದ ಗೇಟಿನವರೆಗೆ ಹೆಂಡದಂಗಡಿ, ಬಾರು ಎಷ್ಟಿವೆ. ಎಲ್ಲಕ್ಕೂ ಹತ್ತಕ್ಕೆ ಇಷ್ಟು ಎಂದು ಅಂಕ ಕೊಟ್ಟೆ. ಕೆಲಸದಲ್ಲಿ ನಾನು ಹೀಗೆಯೇ. ಯಾರು ಯಾವ ಹಲ್ಲಿಗೆ ಯಾವಾಗ ಬರಬೇಕೆಂಬುದನ್ನು ಬಣ್ಣಬಣ್ಣದ ಪೆನ್ನಿನಲ್ಲಿ ಬರೆದಿಡುತ್ತೇನೆ.

ಶಿವಾಜಿನಗರದ ಕಡೆ ನೋಡಿದ್ದು ಕಲ್ಲುಕಟ್ಟಡದ ಶಾಲೆ. ಒಂದೇ ಅಂಗಳ, ಒಂದು ಕಡೆ ಉರ್ದು ಮಾಧ್ಯಮ, ಒಂದು ಕಡೆ ತಮಿಳು, ಮಧ್ಯದಲ್ಲಿ ಕನ್ನಡ. ಅಲ್ಲಿಯ ಮುಖ್ಯ ಶಿಕ್ಷಕರು ಕುರ್ಚಿ ಕೊಟ್ಟು, ಚಹಾ ತರಿಸಿ, "ಹಲಸೂರಿಗೆ ಮಾತ್ರ ಹಾಕ್ಬೇಡಮ್ಮ, ಅಲ್ಲಿ ಪಾಠ ನಡೆಯಲ್ಲ," ಅಂದರು. ಹಲಸೂರಿನಲ್ಲಿ ಸಂತೆ ಬೀದಿಯ ಹಿಂದಿನ ಶಾಲೆಗೆ ಹೋದರೆ ಅಲ್ಲಿಯ ಮೇಡಂ, "ಶಿವಾಜಿನಗರನಾ? ಬಸ್ ಸ್ಟ್ಯಾಂಡ್ ರಶ್ಶಲ್ಲಿ ಹೆಣ್ಮಗೂನ ಕಳಿಸ್ತೀರಾ? ನಿಮಗೆ ಧೈರ್ಯ ಇದೆ ಬಿಡಿ," ಅಂದರು. ಇಬ್ಬರೂ ನನ್ನ ಫೋನ್ ನಂಬರು ಬರೆದುಕೊಂಡರು. ಇಷ್ಟೊಂದು ಆದರ ಯಾಕೆ ಎಂದು ಆಗಲೇ ನನಗೆ ಕಸಿವಿಸಿ. ಸರ್ಕಾರಿ ಕಚೇರಿಯಲ್ಲಿ ನಮ್ಮಂಥವರಿಗೆ ಯಾರು ಚಹಾ ಕೊಡುತ್ತಾರೆ? ಆಮೇಲೆ ತಿಳಿಯಿತು, ಮಕ್ಕಳ ಸಂಖ್ಯೆ ಕಡಿಮೆಯಾದರೆ ಶಾಲೆಯನ್ನು ಇನ್ನೊಂದರ ಜೊತೆ ಸೇರಿಸಿಬಿಡುತ್ತಾರೆ, ಮೇಷ್ಟರಿಗೆ ವರ್ಗವಾಗುತ್ತದೆ. ಅವರಿಗೆ ಬೇಕಾಗಿದ್ದದ್ದು ಒಂದು ಹೆಸರು, ಹಾಜರಿ ಪುಸ್ತಕ ತುಂಬಲು.

ಕೆ.ಆರ್. ಪುರದ ಕಡೆಯದಕ್ಕೆ ಎರಡು ಬಸ್ಸು. ಅಲ್ಲಿಯ ಮುಖ್ಯ ಶಿಕ್ಷಕಿ ಚಹಾ ಕೊಡಲಿಲ್ಲ, ಕೂರಿ ಎನ್ನಲೂ ಇಲ್ಲ. ಗೋಡೆಗೆ ಬಣ್ಣವಿಲ್ಲ. ಒಂದು ಕೋಣೆಗೆ ಬೀಗ ಹಾಕಿ, ಜಗಲಿಗೆ ಅಡ್ಡಲಾಗಿ ನೈಲಾನ್ ಹಗ್ಗ ಕಟ್ಟಿದ್ದರು. ಆ ಹಾಳೆಯಲ್ಲಿ ನಾನು ಬರೆದದ್ದು: "ಒಂದು ಕೋಣೆ ಬಂದ್. ನಿರ್ವಹಣೆ ಸರಿಯಿಲ್ಲ. ಹತ್ತಕ್ಕೆ ನಾಲ್ಕು."

ಕೊನೆಗೆ ನೋಡಿದ್ದು ಹಳೇ ಮದ್ರಾಸು ರಸ್ತೆಯ ಬಳಿಯ ಆ ಶಾಲೆ. ಗೋಡೆಗೆ ಹಳದಿ ಬಣ್ಣ, ಚಾವಣಿಗೆ ಹೊಸ ಸುಣ್ಣ, ಇನ್ನೂ ವಾಸನೆ ಹೋಗಿರಲಿಲ್ಲ. ಶಾಲಾ ಸಮಿತಿಯ ಅಧ್ಯಕ್ಷರು ತಾವೇ ನನ್ನನ್ನು ಸುತ್ತಾಡಿಸಿದರು. ಆ ಊರಿನ ಹಳೆಯ ಮನೆತನದವರು. ಹಿಂದೆ ರಾಗಿ ಹೊಲವಿದ್ದ ಕಡೆ ಈಗ ಅವರ ಬಾಡಿಗೆ ಮನೆಗಳಿವೆ. ಬಿಳಿ ಅಂಗಿ, ಕೈಯಲ್ಲಿ ಎರಡು ಫೋನು.

"ನಮ್ ತಾತ ಕೊಟ್ಟಿದ್ ಜಾಗ ಕಣಮ್ಮ ಇದು. ನಮ್ಮಪ್ಪ ಓದಿದ್ದೂ ಇಲ್ಲೇ. ಪೇಂಟು ನಾನೇ ಹೊಡ್ಸಿದ್ದು," ಅಂದರು.

"ನಿಮ್ಮ ಮಕ್ಕಳೂ ಇಲ್ಲೇ ಓದಿದ್ದಾ ಸರ್?"

ಅವರು ನಕ್ಕರು. "ಏನಮ್ಮಾ, ಪೊಲೀಸ್ನೋರ್ ಥರ ಕೇಳ್ತೀಯ," ಎಂದು ಮುಂದಿನ ಕೋಣೆಗೆ ನಡೆದರು.

ಅದು ಎಂಟನೇ ತರಗತಿಯ ಕೋಣೆ, ಬೇಸಿಗೆಯ ವಿಶೇಷ ತರಗತಿ ನಡೆಯುತ್ತಿತ್ತು. ಅಲ್ಲಿ ನಾನೊಂದು ನೋಟ ಕಂಡೆ. ಹಿಂದಿನ ಎರಡು ಸಾಲು ಬೆಂಚು ಖಾಲಿ ಬಿಟ್ಟು, ಮಕ್ಕಳೆಲ್ಲ ಮುಂದಿನ ಬೆಂಚುಗಳಲ್ಲಿ ಒತ್ತೊತ್ತಾಗಿ, ಮೂವರ ಜಾಗದಲ್ಲಿ ಐವರು ಕೂತು ಕೇಳುತ್ತಿದ್ದರು. ನಾನು ಓದಿದ ಕಾಲದಲ್ಲಿ ಹಿಂದಿನ ಬೆಂಚಿಗಾಗಿ ಜಗಳವಾಗುತ್ತಿತ್ತು. ಮೇಷ್ಟರ ಹತ್ತಿರ ಹೋಗಿ ಕೂರುವ ಮಕ್ಕಳನ್ನು ನಾನು ಎಲ್ಲೂ ನೋಡಿರಲಿಲ್ಲ. ನೋಟ್‌ಬುಕ್ಕಿನಲ್ಲಿ ಬರೆದು ಕೆಳಗೆ ಗೆರೆ ಎಳೆದೆ: "ಮಕ್ಕಳು ತಾವಾಗಿಯೇ ಮುಂದೆ ಕೂರುತ್ತಾರೆ. ಕಲಿಕೆಯಲ್ಲಿ ಆಸಕ್ತಿ. ಒಂಬತ್ತು."

ಎಲ್ಲದರಲ್ಲೂ ತಪ್ಪು ಹುಡುಕುತ್ತಿದ್ದ ನಾನು ಆ ಒಂದು ಸಂಗತಿಯನ್ನು ಅನುಮಾನಿಸಲಿಲ್ಲ. ಮೇಲೆ ನೋಡಲಿಲ್ಲ. ನೋಡಿದ್ದರೂ ಸುಣ್ಣ ಕಾಣುತ್ತಿತ್ತು, ಅಷ್ಟೆ.

ನನ್ನ ನೋಟ್‌ಬುಕ್ಕು ವಠಾರದಲ್ಲಿ ಹೆಸರು ಮಾಡಿತು. ನಳದ ಹತ್ತಿರ ಹೆಂಗಸರು ಕೇಳಿದರು, ನಾನು ಓದಿ ಹೇಳಿದೆ. ಒಬ್ಬರ ಮಕ್ಕಳು ಹೋದ ಕಡೆಗೇ ಇನ್ನೊಬ್ಬರೂ ಕಳಿಸುವುದು ನಮ್ಮ ಕಡೆಯವರ ರೂಢಿ. ಊರು ಬಿಟ್ಟು ಬಂದವರಿಗೆ ಜೊತೆಯೇ ಧೈರ್ಯ. ಹಾಗೆ ವಠಾರದಿಂದಲೂ ಪಕ್ಕದ ಓಣಿಯಿಂದಲೂ ಒಂಬತ್ತು ಮಕ್ಕಳು ಒಟ್ಟಿಗೆ ಅಲ್ಲಿ ಎಂಟನೇ ತರಗತಿಗೆ ಸೇರಿದರು. ಅಧ್ಯಕ್ಷರು ಫೋನು ಮಾಡಿ ನನಗೆ ಧನ್ಯವಾದ ಹೇಳಿದ್ದರು.

ಆಸ್ಪತ್ರೆಯ ಕಾರಿಡಾರಿನಲ್ಲಿ ಆ ಹುಡುಗಿಯ ತಾಯಿ ನನ್ನ ಎದುರು ನಿಂತದ್ದು ಮಧ್ಯಾಹ್ನ ಒಂದರ ಹೊತ್ತಿಗೆ. ಇಂದಿರಾನಗರದ ಕಚೇರಿಯೊಂದರಲ್ಲಿ ನೆಲ ಒರೆಸುವ ಕೆಲಸ ಅವಳದು. ಸಮವಸ್ತ್ರದಲ್ಲೇ ಓಡಿ ಬಂದಿದ್ದಳು. ಮಗಳ ಕೈ ಎರಡು ಕಡೆ ಮುರಿದಿತ್ತು, ಹಣೆಗೆ ಆರು ಹೊಲಿಗೆ. ಜೀವಕ್ಕೆ ಭಯವಿಲ್ಲ ಅಂದಿದ್ದರು.

"ಅಕ್ಕೋರ, ನಿಮ್ ಬುಕ್ಕಿನ್ಯಾಗ ಮಾಳಿಗಿಗಿ ಎಷ್ಟ್ ನಂಬರ್ ಕೊಟ್ಟಿದ್ರಿ?" ಅಂದಳು.

ಚಾವಣಿಗೆ ನಾನು ಅಂಕವನ್ನೇ ಇಟ್ಟಿರಲಿಲ್ಲ.

ಅಧ್ಯಕ್ಷರು ಸಂಜೆ ಸೇಬು, ಮೂಸಂಬಿ ಹಿಡಿದು ಬಂದರು. "ಬರೀ ಗಾರೆ ಕಣಮ್ಮ ಬಿದ್ದಿದ್ದು, ಸ್ಲಾಬಲ್ಲ. ದೊಡ್ಡದ್ ಮಾಡ್ಬೇಡಿ. ಆಸ್ಪತ್ರೆ ಖರ್ಚು ನಂದು," ಅಂದರು. ಅವರ ಕಣ್ಣು ಕೆಂಪಾಗಿತ್ತು. ಅತ್ತಿದ್ದರೋ, ಧೂಳೋ, ನಾನು ಹೇಳಲಾರೆ. ಬಿದ್ದದ್ದರಲ್ಲಿ ಒಂದು ಚೂರನ್ನು ನಾನು ಕರ್ಚೀಫಿನಲ್ಲಿ ಕಟ್ಟಿ ಬ್ಯಾಗಿನಲ್ಲಿ ಇಟ್ಟುಕೊಂಡಿದ್ದೆ. ಅಂಗೈಯಷ್ಟು ದೊಡ್ಡದು, ಒಂದು ಮಗ್ಗುಲು ಹೊಸ ಸುಣ್ಣದಿಂದ ಬೆಳ್ಳಗೆ, ಇನ್ನೊಂದು ಮಗ್ಗುಲಲ್ಲಿ ತುಕ್ಕುಹಿಡಿದ ಕಂಬಿಯ ಅಚ್ಚು, ಕಂದು ಬಣ್ಣದ ಗೆರೆ. ಅದನ್ನು ಅವರಿಗೆ ತೋರಿಸಬೇಕೆಂದು ಬ್ಯಾಗಿಗೆ ಕೈ ಹಾಕಿದೆ. ತೋರಿಸಲಿಲ್ಲ. ನಾವಿರುವ ವಠಾರ ಅವರ ನೆಂಟರದು ಎಂದು ಯಾರೋ ಹೇಳಿದ್ದು ನೆನಪಾಯಿತು.

ಎರಡು ದಿನ ಬಿಟ್ಟು ವರ್ಗಾವಣೆ ಪತ್ರ ಕೇಳಲು ಹೋದಾಗ ತರಗತಿಯ ಮೇಡಂ ಸಿಕ್ಕರು. ಸಣ್ಣ ವಯಸ್ಸಿನವರು. ನನ್ನನ್ನು ಗೇಟಿನ ಬಳಿಗೆ ಕರೆದೊಯ್ದು, ಸುತ್ತ ನೋಡಿ, ಹೇಳಿದರು: "ಹೋದ್ ಮಳೆಗಾಲದಲ್ಲೇ ಅಲ್ಲಿ ಬಿರುಕು ಬಿಟ್ಟಿತ್ತು ಕಣ್ರೀ. ಹಿಂದಿನ ಎರಡು ಸಾಲಲ್ಲಿ ಯಾರೂ ಕೂರ್ಬಾರ್ದು ಅಂತ ನಾನೇ ಮಕ್ಕಳನ್ನ ಮುಂದಕ್ಕೆ ಕೂರಿಸಿದ್ದೆ. ರಿಪೇರಿಗೆ ಮೂರು ಸಲ ಬರೆದ್ವಿ. ಪೇಂಟ್ ಬಂತು."

"ಮತ್ತೆ ನಮ್ಮ ಮಕ್ಕಳನ್ನ ಅಲ್ಲಿ ಯಾಕೆ ಕೂರಿಸಿದ್ರಿ?"

ಅವರು ಗೇಟಿನ ಚಿಲಕವನ್ನು ಸರಿಸಿ ಮತ್ತೆ ಹಾಕಿದರು. "ನಿಮ್ ಕಡೆಯಿಂದ ಒಟ್ಟಿಗೆ ಒಂಬತ್ತು ಜನ ಬಂದ್ರಲ್ಲ. ಮುಂದೆ ಜಾಗ ಸಾಲ್ಲಿಲ್ಲ. ಬಿರುಕೂ ಕಾಣ್ತಿರ್ಲಿಲ್ಲ. ಸರಿಹೋಯ್ತೇನೋ ಅಂದ್ಕೊಂಡೆ."

ಇದು ತಪ್ಪೊಪ್ಪಿಗೆಯೋ, ತಪ್ಪಿನಲ್ಲಿ ನನಗೂ ಪಾಲು ಹಂಚುವ ಜಾಣತನವೋ, ಇಂದಿಗೂ ತೀರ್ಮಾನಿಸಲು ಆಗಿಲ್ಲ. ಎರಡೂ ಇರಬಹುದು. ನಾನು ನೋಡಿ ಮೆಚ್ಚಿದ ಆಸಕ್ತಿ ಅವರ ಎಚ್ಚರಿಕೆಯಾಗಿತ್ತು. ನಾನು ಹೊಗಳಿ ಕರೆತಂದ ಮಕ್ಕಳೇ ಆ ಎಚ್ಚರಿಕೆಯ ಜಾಗವನ್ನು ತುಂಬಿದ್ದರು.

ಮನೆಯಲ್ಲಿ ಹುಡುಗಿ ಶಾಲೆಯ ಮಾತೆತ್ತಿದರೆ ಗೋಡೆ ಕಡೆ ತಿರುಗುತ್ತಿದ್ದಳು. ಊಟಕ್ಕೆ ಕೂತರೂ ಬಾಗಿಲ ಬಳಿ, ಅರ್ಧ ಮೈ ಹೊರಗೆ. "ನಾನು ಹೋಗಲ್ಲ. ಯಾವ ಸ್ಕೂಲಿಗೂ ಹೋಗಲ್ಲ," ಅಷ್ಟೇ ಮಾತು. ಹತ್ತು ದಿನ ನೋಡಿ ಅಕ್ಕ ಅಂದಳು: "ಬಿಡು, ಬ್ಯಾಡ ಅಂದ್ರ ಬ್ಯಾಡ. ಪೀಜಿಯೊಳಗ ಚಪಾತಿ ಲಟ್ಟಿಸಾಕ ಒಬ್ಬಾಕಿ ಬೇಕಾಗ್ಯಾಳ. ನನ್ನ ಕಣ್ಣ ಮುಂದರ ಇರ್ತಾಳ."

"ಹದಿಮೂರು ವರ್ಷದಾಕಿನ್ನ?"

"ನಿನ್ನ ಸಾಲಿಗಿಂತ ಆ ಅಡಗಿಮನಿ ಮಾಳಿಗಿ ಗಟ್ಟಿ ಅದ."

ಆ ಪೀಜಿಯ ಅಡುಗೆಮನೆಯಲ್ಲಿ ಚಪಾತಿ ಲಟ್ಟಿಸಲು ಒಮ್ಮೆ ಕೂತ ಹುಡುಗಿಯರು ತಿರುಗಿ ಶಾಲೆಗೆ ಹೋದದ್ದನ್ನು ನಾನು ಕಂಡಿಲ್ಲ. "ಒಂದು ವಾರ ಕೊಡು," ಅಂದೆ.

ಮತ್ತೆ ಅದೇ ಬಸ್ಸುಗಳು, ಅದೇ ಶಾಲೆಗಳು. ಈ ಸಲ ನೋಟ್‌ಬುಕ್ಕಿಲ್ಲ. ಗೇಟು ದಾಟಿದ ಕೂಡಲೇ ಕತ್ತೆತ್ತಿ ಮೇಲೆ ನೋಡುತ್ತಾ ನಡೆಯುವ ನನ್ನನ್ನು ಕಂಡು ಶಿವಾಜಿನಗರದಲ್ಲಿ ಒಬ್ಬ ಹುಡುಗಿ ಗೆಳತಿಗೆ, "ಆಯಮ್ಮ ಕಾಗೆ ಎಣಿಸ್ತಾ ಅವ್ರೆ ಕಣೇ," ಅಂದದ್ದು ಕೇಳಿಸಿತು. ಮುಖ್ಯ ಶಿಕ್ಷಕರಿಗೆ ಸುದ್ದಿ ಗೊತ್ತಿತ್ತು. "ನಮ್ದು ಬ್ರಿಟಿಷರ ಕಾಲದ್ದು, ಏನೂ ಆಗಲ್ಲ," ಅಂದರು. ಚಹಾ ಬಂತು, ಕುಡಿಯಲಿಲ್ಲ. ಹಲಸೂರಿನ ಮೇಡಂ, "ಆ ಶಾಲೆಗೆ ಹಾಕ್ಬೇಡಿ ಅಂತ ನಾನ್ ಹೇಳಿರ್ಲಿಲ್ವಾ?" ಅಂದರು. ಹೇಳಿರಲಿಲ್ಲ. ಅಲ್ಲಿಯೂ ಗೋಡೆಗೆ ಹೊಸ ಬಣ್ಣ ಬಿದ್ದಿತ್ತು, ನಾನು ಉಗುರಿನಿಂದ ಕೆರೆದು ನೋಡಿದೆ. ಕೆಳಗೆ ಏನಿದೆಯೆಂದು ಉಗುರಿಗೆ ತಿಳಿಯುವುದಿಲ್ಲ. ಆ ಎರಡು ಶಾಲೆಗಳೂ ಚೆನ್ನಾಗಿಯೇ ಇರಬಹುದು. ನಂಬುವ ಶಕ್ತಿ ನನ್ನಲ್ಲಿ ಉಳಿದಿರಲಿಲ್ಲ.

ಕೆ.ಆರ್. ಪುರಕ್ಕೆ ಹುಡುಗಿಯನ್ನೂ ಕರೆದೊಯ್ದೆ. ನೋಡಲು ಮಾತ್ರ, ಸೇರಿಸಲು ಅಲ್ಲ ಎಂದು ಆಣೆ ಮಾಡಿ. ಅವಳು ಗೇಟಿನ ಹೊರಗೇ ನಿಂತಳು. ಮುಖ್ಯ ಶಿಕ್ಷಕಿ ಹಿಂದಿನಂತೆಯೇ ಕೂರಿ ಎನ್ನದೆ, "ಏನು?" ಅಂದರು. ಕರ್ಚೀಫು ಬಿಚ್ಚಿ ಆ ಚೂರನ್ನು ಅವರ ಮೇಜಿನ ಮೇಲೆ, ಹಾಜರಿ ಪುಸ್ತಕದ ಪಕ್ಕ ಇಟ್ಟೆ.

ಅವರು ಅದನ್ನು ತಿರುಗಿಸಿ, ಕಂದು ಗೆರೆಯ ಮೇಲೆ ಬೆರಳಾಡಿಸಿದರು. "ಇಂಥದ್ದು ನಮ್ಮಲ್ಲೂ ಬಿದ್ದಿದೆ. ಬನ್ನಿ," ಎಂದು ಬೀಗದ ಕೈ ತೆಗೆದುಕೊಂಡರು.

ನೈಲಾನ್ ಹಗ್ಗದ ಆಚೆಯ ಕೋಣೆಯ ಬಾಗಿಲು ತೆಗೆದರು. ಮೇಲೆ ಕಂಬಿಗಳು ಬರಿಮೈಯಲ್ಲಿ ಕಾಣುತ್ತಿದ್ದವು. ಕೆಳಗೆ ಬಿದ್ದ ಗಾರೆ ಹಾಗೇ ಇತ್ತು. "ರಾತ್ರಿ ಬಿತ್ತು, ಪುಣ್ಯ. ಗುಡಿಸೋಕೆ ಬಿಟ್ಟಿಲ್ಲ, ಇಂಜಿನಿಯರ್ರು ಬಂದ್ರೆ ಇದನ್ನೇ ತೋರಿಸ್ಬೇಕು. ಬಣ್ಣ ಹೊಡೆಸ್ತೀವಿ ಅಂತ ಯಾರೋ ದಾನಿಗಳು ಬಂದ್ರು. ಬೇಡ ಅಂದೆ. ಬಣ್ಣ ಹೊಡೆದ್ರೆ ಆಮೇಲೆ ಯಾರ್ರೀ ನಂಬ್ತಾರೆ ಇದು ಬೀಳುತ್ತೆ ಅಂತ?" ಮಿಕ್ಕ ಕೋಣೆಗಳ ಚಾವಣಿಯನ್ನು ಅವರು ತಿಂಗಳಿಗೊಮ್ಮೆ ಬಿದಿರು ಕೋಲಿನಿಂದ ತಟ್ಟಿಸುತ್ತಾರಂತೆ. ಟೊಳ್ಳು ಶಬ್ದ ಬಂದರೆ ಸೀಮೆಸುಣ್ಣದಲ್ಲಿ ಸುತ್ತು ಹಾಕುತ್ತಾರೆ. "ಒಂದು ಸುತ್ತು ಇದೆ, ಒಂಬತ್ತನೇ ತರಗತೀಲಿ. ಅದರ ಕೆಳಗೆ ಬೆಂಚಿಲ್ಲ. ನೋಡ್ಕೊಳ್ಳಿ. ಬೇಡ ಅನ್ಸಿದ್ರೆ ಹೋಗಿ, ನಾನೇನೂ ಬೇಜಾರ್ ಮಾಡ್ಕೊಳಲ್ಲ."

ನಾನು ಅವರನ್ನೂ ಅನುಮಾನಿಸಿದೆ. ಇಷ್ಟು ಬಿಚ್ಚಿ ತೋರಿಸುವುದರ ಹಿಂದೆ ಏನಿರಬಹುದು ಎಂದು. ಅಷ್ಟರಲ್ಲಿ ಹಿಂದೆ ಹೆಜ್ಜೆ ಸಪ್ಪಳವಾಯಿತು. ಹುಡುಗಿ ಗೇಟು ಬಿಟ್ಟು ಒಳಗೆ ಬಂದು, ಹಗ್ಗದ ಈಚೆ ನಿಂತು ಆ ಬರಿಗಂಬಿಗಳನ್ನು ನೋಡುತ್ತಿದ್ದಳು.

"ಮೇಡಂ, ಆ ಕೋಲು ಎಲ್ಲಿದೆ?" ಅಂದಳು.

ಮುಖ್ಯ ಶಿಕ್ಷಕಿ ಮೂಲೆಯಿಂದ ತಂದುಕೊಟ್ಟರು. ಮಕ್ಕಳು ಆಟಕ್ಕೆ ಹೋಗಿದ್ದ ಎಂಟನೇ ತರಗತಿಯ ಖಾಲಿ ಕೋಣೆಯಲ್ಲಿ ಅವಳು ಬೆಂಚು ಹತ್ತಿ, ಒಂದು ಮೂಲೆಯಿಂದ ಇನ್ನೊಂದು ಮೂಲೆಯವರೆಗೆ ಚಾವಣಿ ತಟ್ಟಿದಳು. ಅರ್ಧ ಗಂಟೆ ಹಿಡಿಯಿತು. ಯಾರೂ ಅವಸರ ಮಾಡಲಿಲ್ಲ. ಇಳಿದು ಬಂದಾಗ ರೆಪ್ಪೆಯ ಮೇಲೆಲ್ಲ ಧೂಳು.

"ಬಾಗಿಲ ಪಕ್ಕ ಕೂರ್ಲಾ?" ಎಂದು ಕೇಳಿದಳು. ನನ್ನನ್ನಲ್ಲ, ಅವರನ್ನು.

"ಎಲ್ಲಿ ಬೇಕಾದ್ರೂ ಕೂತ್ಕೊ. ಪಾಠ ಕೇಳಿದ್ರೆ ಸಾಕು."

ಹೀಗೆ ಅವಳು ಸೇರಿದಳು. ವಠಾರದ ಬೇರೆ ಯಾರಿಗೂ ನಾನು ಏನೂ ಹೇಳಲಿಲ್ಲ. ಆದರೆ ನಳದ ಹತ್ತಿರ ಸುದ್ದಿ ನಿಲ್ಲುತ್ತದೆಯೇ? ಕೈ ಮುರಿದ ಹುಡುಗಿಯ ತಾಯಿ ಒಂದು ಭಾನುವಾರ ನನ್ನ ಬಾಗಿಲಿಗೆ ಬಂದಳು. ಆಸ್ಪತ್ರೆಯ ಬಳಿಕ ಅವಳು ನನ್ನೊಡನೆ ಮಾತಾಡಿರಲಿಲ್ಲ.

"ಆ ಸಾಲಿಗಿ ಯಾವ ಬಸ್ಸು?" ಅಂದಳು.

ಹೇಳಿದೆ. "ನಾನೂ ಬರ್ಲಾ ಜೊತಿಗಿ?"

"ಬ್ಯಾಡ್ರಿ. ಈ ಸಲ ನಾನಾ ನೋಡ್ತೀನಿ. ನನ್ ಪೋರಿನೂ ನೋಡ್ತದ." ಎರಡು ಹೆಜ್ಜೆ ಹೋಗಿ ತಿರುಗಿದಳು. "ಆ ಕೋಲು ಕೇಳಿದ್ರ ಕೊಡ್ತಾರೇನ್ರಿ?"

"ಕೊಡ್ತಾರ."

ಶಾಲೆ ಸಿಕ್ಕಿದರೂ ನನಗೆ ನಿದ್ದೆ ಸಿಗಲಿಲ್ಲ. ಮೇಲಿನ ಮನೆಯವರು ಮಂಚ ಎಳೆದರೆ ಎದ್ದು ಕೂರುತ್ತಿದ್ದೆ. ನಮ್ಮ ಕೋಣೆಯ ಚಾವಣಿಯ ಬಿರುಕೊಂದಕ್ಕೆ ಪೆನ್ಸಿಲಿನಲ್ಲಿ ಗುರುತು ಮಾಡಿ, ದಿನವೂ ಅದು ಬೆಳೆದಿದೆಯೇ ನೋಡುತ್ತಿದ್ದೆ. ದಂತವೈದ್ಯರು ಇಬ್ಬರು ರೋಗಿಗಳಿಗೆ ಒಂದೇ ಹೊತ್ತು ಬರೆದದ್ದಕ್ಕೆ ಬೈದರು. ಸಂಜೆ ಮನೆಗೆ ಬಂದ ಕೂಡಲೇ ನನ್ನ ಮೊದಲ ಪ್ರಶ್ನೆ ಒಂದೇ: "ಇವತ್ತು ಎಲ್ಲಿ ಕೂತಿದ್ದೆ?"

"ಬಾಗಿಲ ಹತ್ರ." ಮಾರನೇ ದಿನವೂ "ಬಾಗಿಲ ಹತ್ರ." ಒಂದು ತಿಂಗಳು ದಾಟಿತು. ಆ ಉತ್ತರ ಕೇಳಿದರೆ ಸಮಾಧಾನವಾಗಬೇಕಿತ್ತು. ಆಗುತ್ತಿರಲಿಲ್ಲ, ಏಕೆಂದರೆ ಅವಳೂ ನನ್ನಂತೆಯೇ ಇಡೀ ದಿನ ಮೇಲೆ ನೋಡುತ್ತಾ ಕೂತಿದ್ದಾಳೆಂದು ನನಗೆ ಗೊತ್ತಿತ್ತು.

ಅದೊಂದು ಗುರುವಾರ. ನಾನು ಬಂದಾಗ ಅವಳು ಮುಸುರೆ ತಿಕ್ಕುತ್ತಿದ್ದಳು. ಕೇಳಿದೆ.

"ಎಲ್ಲಿ ಅಂದ್ರೆ... ಗೊತ್ತಿಲ್ಲ ಚಿಗವ್ವ. ಮರ್ತೇಹೋಯ್ತು."

"ಮರ್ತು ಹ್ಯಾಂಗ ಹೋಗ್ತದ? ಏನು ಮುಚ್ಚಿಡ್ಲತ್ತಿ?"

"ಅಯ್ಯೋ ಬಿಡು! ದಾಸವಾಳ ಕುಯ್ದು ನೋಡ್ತಿದ್ವಿ. ಗುಂಪು ಗುಂಪು ಮಾಡಿಸಿದ್ರು. ಅಲ್ಲಿ ಕೂತೆ, ಆಮೇಲೆ ಇಲ್ಲಿ ಕೂತೆ. ನಮ್ ವಠಾರದವಳ ಕೈ ಇನ್ನೂ ನೆಟ್ಟಗಾಗಿಲ್ವಲ್ಲ, ಅವಳ ಹೂವೂ ನಾನೇ ಕುಯ್ದೆ." ಅವಳು ಬೂದಿ ಮೆತ್ತಿದ ಕೈಯನ್ನು ನೀರಿಗೆ ಹಿಡಿದು ತೊಳೆದು, ಎತ್ತಿ ತೋರಿಸಿದಳು. ಉಗುರಿನ ಸಂದಿಯಲ್ಲಿ ಹಳದಿ ಪುಡಿ ಇನ್ನೂ ಉಳಿದಿತ್ತು.

ನಾನು ಆ ಬೆರಳನ್ನು ಹಿಡಿದು ದೀಪದ ಕೆಳಗೆ ನೋಡಿದೆ. ಪರಾಗವೇ. ಮತ್ತೇನೂ ಕೇಳಲಿಲ್ಲ. ಉಂಡು, ಹಾಸಿಗೆ ಹಾಕಿ ಮಲಗಿದೆ. ಚಾವಣಿಯ ಪೆನ್ಸಿಲ್ ಗುರುತನ್ನು ನೋಡಿದೆನೋ ಇಲ್ಲವೋ ನೆನಪಿಲ್ಲ. ಎಚ್ಚರವಾದಾಗ ಹೊರಗೆ ನೀರಿನ ಟ್ಯಾಂಕರು ಹಾರ್ನು ಹೊಡೆಯುತ್ತಿತ್ತು. ಹುಡುಗಿ ಜಡೆ ಹೆಣೆದುಕೊಂಡು, ಚೀಲ ಏರಿಸಿಕೊಂಡು, ಬಾಗಿಲು ದಾಟಿ ಆಗಲೇ ಬಸ್ಸಿಗೆ ಹೊರಟಿದ್ದಳು.